ಅಣ್ಣನ ಹೆಸರಿನ ಬೀಗ

ಅಣ್ಣ ತೀರಿಕೊಂಡ ಮೇಲೆ ಅವನ ಕಂಪ್ಯೂಟರನ್ನು ಯಾರೂ ಮುಟ್ಟಿರಲಿಲ್ಲ. ಅತ್ತಿಗೆ ಅದರ ಮೇಲೆ ಅವನದೇ ಒಂದು ಹಳೆಯ ಪಂಚೆ ಹೊದಿಸಿದ್ದರು. ಹಾಸನದ ಆ ಬಾಡಿಗೆ ಮನೆಯ ನಡುಮನೆಯಲ್ಲಿ, ಟಿವಿಯ ಪಕ್ಕ, ಬಿಳಿ ಬಟ್ಟೆ ಹೊದ್ದು ಕೂತಿದ್ದ ಅದನ್ನು ನೋಡಿದರೆ ನನಗೆ ಬೇರೇನೋ ನೆನಪಾಗುತ್ತಿತ್ತು. ಚನ್ನರಾಯಪಟ್ಟಣದಿಂದ ಹೋದಾಗಲೆಲ್ಲ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದೆ.

ಅಣ್ಣ ಬಸ್ ಕಂಡಕ್ಟರ್. ಹಾಸನದಿಂದ ಹೊಳೆನರಸೀಪುರ, ಅಲ್ಲಿಂದ ಅರಕಲಗೂಡು, ಮತ್ತೆ ವಾಪಸ್ಸು. ಟಿಕೆಟ್ ಕೊಡುತ್ತಲೇ ಮುದುಕಿಯರನ್ನು "ನಿಮ್ ತವರು ಯಾವ್ದವ್ವಾ?" ಎಂದು ಕೇಳುವುದು ಅವನ ಚಟ. ನಾಲ್ಕು ಮಾತಾಡುವಷ್ಟರಲ್ಲಿ ಎಲ್ಲಿಂದಲೋ ನಂಟು ಸಿಕ್ಕಿಬಿಡುತ್ತಿತ್ತು. ರಜೆಯ ದಿನ ಅವರ ಮನೆ ಹುಡುಕಿಕೊಂಡು ಹೋಗಿ, ಯಾರು ಯಾರ ಮಗ, ಯಾರನ್ನು ಎಲ್ಲಿಗೆ ಕೊಟ್ಟರು, ಯಾರು ಹೇಗೆ ಸತ್ತರು ಎಂದು ಕೇಳಿ ಬರುತ್ತಿದ್ದ. ವಂಶವೃಕ್ಷ ಬರೆಯುವ ಒಂದು ಪ್ರೋಗ್ರಾಂ ಅವನ ಕಂಪ್ಯೂಟರಿನಲ್ಲಿತ್ತು. ಕೇಳಿದ್ದನ್ನೆಲ್ಲ ಅದಕ್ಕೆ ತುಂಬುತ್ತಿದ್ದ. ನಮ್ಮ ಕಡೆ ಹಿರಿಯರು ವಂಶ ಹೇಳುವಾಗ ಗಂಡುಮಕ್ಕಳ ಹೆಸರು ಹೇಳಿ, "ಇನ್ ಎಣ್ಮಕ್ಳು, ಕೊಟ್ಟೋದೋರು" ಎಂದು ಮುಗಿಸುತ್ತಾರೆ. ಅಣ್ಣ ಹಾಗೆ ಮುಗಿಸುತ್ತಿರಲಿಲ್ಲ. ಕೊಟ್ಟುಹೋದವರ ಹಿಂದೆಯೂ ಹೋಗುತ್ತಿದ್ದ.

ನಮ್ಮದು ಹೊಳೆನರಸೀಪುರದ ಹತ್ತಿರ, ಹೇಮಾವತಿಯ ದಂಡೆಯ ಊರು. ನಮ್ಮ ಮನೆಯ ಗಂಡುಮಕ್ಕಳಿಗೆ ನೀರಿನ ಕಂಟಕ ಇದೆಯೆಂದು ಅಜ್ಜಿ ಹೇಳುತ್ತಿದ್ದಳು. ಅಜ್ಜನ ತಮ್ಮ ಹೊಳೆಯಲ್ಲಿ ಹೋಗಿದ್ದ. ನಮ್ಮಪ್ಪ ಬಾವಿಯಲ್ಲಿ ಹೋದ. ಅದಕ್ಕೇ ಅಣ್ಣನನ್ನು ಹೊಳೆಯ ಹತ್ತಿರ ಬಿಡುತ್ತಿರಲಿಲ್ಲ, ಈಜು ಕಲಿಸಲಿಲ್ಲ. ವರ್ಷಕ್ಕೊಮ್ಮೆ ಮನೆಯ ಹೆಂಗಸರೆಲ್ಲ ಹೋಗಿ ಹೊಳೆಗೆ ಬಾಗಿನ ಬಿಟ್ಟು, ಗಂಡುಮಕ್ಕಳನ್ನು ಬಿಟ್ಟುಕೊಡು ತಾಯಿ ಎಂದು ಕೈಮುಗಿದು ಬರುತ್ತಿದ್ದರು. ನಾನು ಮಾತ್ರ ಕಾಲುವೆಯಲ್ಲಿ ಎಷ್ಟು ಹೊತ್ತು ಬೇಕಾದರೂ ಆಡಬಹುದಿತ್ತು. "ಎಣ್ಮಕ್ಳ ಮ್ಯಾಲೆ ಒಳೆಗೆ ಕಣ್ಣಿಲ್ಲ ಬುಡು" ಎನ್ನುತ್ತಿದ್ದಳು ಅಜ್ಜಿ.

ಅಣ್ಣ ನೀರಿನಲ್ಲಿ ಹೋಗಲಿಲ್ಲ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದ. ಅವನನ್ನು ಅವಸರಪಡಿಸಲು ಡ್ರೈವರ್ ದಿನಾ ಮಾಡುವ ಹಾಗೆ ಬಸ್ಸನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು. ಅಣ್ಣ ದಿನಾ ಮಾಡುವ ಹಾಗೆ ಬೈಯುತ್ತ, ವಿಷಲ್ ಊದುತ್ತ ಓಡಿದ. ಬಾಗಿಲ ಕಂಬಿಗೆ ಕೈ ಹಾಕಿದವನು ಹಾಗೇ ಜಾರಿ ಬಿದ್ದ. ಡ್ರೈವರ್ ಕನ್ನಡಿಯಲ್ಲಿ ನೋಡಿ, ನಾಟಕ ಮಾಡುತ್ತಿದ್ದಾನೆ ಅಂದುಕೊಂಡರಂತೆ. ಮಣ್ಣಿಗೆ ಬಂದ ನೆಂಟರು, "ನೀರಿಂದ ತಪ್ಪುಸ್ಕಂಡ, ನೆಲದ ಮ್ಯಾಲೇ ಓದ್ನಲ್ಲಪ್ಪ" ಎಂದು ಮಾತಾಡಿಕೊಂಡರು.

ಅವನಿಗೆ ಒಬ್ಬಳೇ ಮಗಳು. ಪೊಲೀಸ್ ಕೆಲಸಕ್ಕೆ ಲಿಖಿತ ಪರೀಕ್ಷೆ ಪಾಸು ಮಾಡಿ, ಓಟದ ಪರೀಕ್ಷೆಗೆ ತಯಾರಾಗುತ್ತಿದ್ದಳು. ಅಪ್ಪ ಹೋದ ಮೇಲೆ ಆ ಕೆಲಸವೇ ಮನೆಗೆ ಆಧಾರ. ಬೆಳಿಗ್ಗೆ ಸ್ಟೇಡಿಯಮ್ಮಿನಲ್ಲಿ ಓಡುತ್ತಿದ್ದವಳು ಒಂದು ದಿನ ತಿರುವಿನಲ್ಲಿ ಕುಸಿದು ಬಿದ್ದಳು. ಎದ್ದು ಕೂತು, ಏನೂ ಆಗಿಲ್ಲ ಎಂದು ನಕ್ಕಳಂತೆ. ಅತ್ತಿಗೆ ಅದನ್ನು ತಿಂಡಿ ತಿನ್ನದೆ ಹೋದದ್ದರ ಮೇಲೆ ಹಾಕಿದರು. ನನಗೆ ಮನಸ್ಸು ತಡೆಯಲಿಲ್ಲ. ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಡಾಕ್ಟರಮ್ಮ ಇಸಿಜಿಯ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಸಣ್ಣ ಅನುಮಾನ ಇದೆ. ಇದೊಂದನ್ನೇ ನೋಡಿ ಹೇಳಕ್ಕಾಗಲ್ಲ. ನಿಮ್ಮ ಮನೇಲಿ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಹಠಾತ್ತಾಗಿ ಹೋಗಿದಾರಾ?"

"ಅಣ್ಣ" ಎಂದೆ.

"ಅವರ ಹಿಂದೆ? ಅವರಪ್ಪ, ಅತ್ತೆಯರು, ಅಜ್ಜನ ಕಡೆಯವರು? ಎಲ್ಲರದ್ದೂ ತಿಳ್ಕೊಂಡು ಬನ್ನಿ. ಅಲ್ಲೀವರೆಗೂ ಈ ಹುಡುಗಿ ಓಡೋದು ಬೇಡ."

ಹೊರಗೆ ಬಂದ ಕೂಡಲೇ ಅವಳು ಸಿಡಿದಳು. "ಅನ್ಮಾನ ತಾನೆ ಅತ್ತೆ? ಅನ್ಮಾನಕ್ಕೆಲ್ಲ ನಿಂತ್ಕಂಡ್ರೆ ಬರೋ ಸೋಮವಾರ ನನ್ ಬದ್ಲು ಯಾರ್ ಓಡ್ತಾರೆ? ನೀವ್ ಓಡ್ತೀರಾ?"

ನಮ್ಮ ಮನೆಯವರೆಲ್ಲ ಹೇಗೆ ಹೋದರೆಂದು ಒಟ್ಟಾಗಿ ಗೊತ್ತಿದ್ದವನು ಅಣ್ಣ ಒಬ್ಬನೇ. ಹಾಗಾಗಿ ಮನೆಗೆ ಬಂದು ಪಂಚೆ ತೆಗೆದೆವು.

ಕಂಪ್ಯೂಟರ್ ಹಾಕಿದ ತಕ್ಷಣ, ಪ್ರೋಗ್ರಾಂ ಹಳೆಯದಾಗಿದೆ, ಹೊಸದನ್ನು ಹಾಕಲೇ ಎಂದು ಕೇಳಿತು. ಹುಡುಗಿ ಯೋಚಿಸದೆ ಹೂಂ ಒತ್ತಿದಳು. ಅದು ಇಳಿಯಿತು, ಮುಗಿಯಿತು ಎಂದಿತು. ಆಮೇಲೆ ತೆರೆಯಹೋದರೆ ಮೊದಲು ಬರುವ ಮರದ ಚಿತ್ರ ಒಂದು ಗಳಿಗೆ ಕಾಣಿಸಿಕೊಂಡು ಮಾಯವಾಯಿತು. ಮತ್ತೆ ಒತ್ತಿದರೂ ಅಷ್ಟೆ. ಆರಿಸಿ ಹಾಕಿದರೂ ಅಷ್ಟೆ. ಮರ ಬರುತ್ತಿತ್ತು, ಹೋಗುತ್ತಿತ್ತು. ಯಾರೋ ಬಾಗಿಲು ತೆರೆದು ನಮ್ಮ ಮುಖ ನೋಡಿ ಮುಚ್ಚಿಕೊಂಡ ಹಾಗೆ.

ಅಣ್ಣನಿಗೆ ಆ ಕಂಪ್ಯೂಟರ್ ಮಾರಿದ ಅಂಗಡಿಯವನನ್ನು ಮನೆಗೆ ಕರೆಸಿದೆ. ಬಾಯಿ ತುಂಬ ಮಾತಿನ ಮನುಷ್ಯ.

"ಇದೇನಕ್ಕಾ, ನಮ್ ತಾತನ್ ಕಾಲದ್ದನ್ನ ಇನ್ನೂ ಮಡಿಕಂಡಿದ್ದೀರಾ? ಎಲ್ಲಾ ಅಳಿಸಿ ಫಾರ್ಮ್ಯಾಟ್ ಒಡ್ದುಬುಡಾನ. ಒಸಾ ಮದ್ವೆಣ್ಣಿನಂಗೆ ಆಯ್ತದೆ."

"ಒಳಗಿರೋದು?"

"ಅದು ಓಯ್ತದೆ. ಅಂತಾದ್ದೇನೈತಕ್ಕ ಒಳಗೆ?"

"ನಮ್ಮನೆಯೋರೆಲ್ಲ ಅವ್ರೆ ಕಣಪ್ಪ."

ಅವನು ನಗಲು ಹೊರಟವನು ಗೋಡೆಯ ಮೇಲಿನ ಫೋಟೋ, ಅದರ ಹಾರ ನೋಡಿ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದ. ಟೀ ಕುಡಿದು, ದುಡ್ಡು ಬೇಡವೆಂದು ಹೊರಟುಹೋದ.

ಮಾರನೆಯ ದಿನ ನಾವೇ ಕೂತೆವು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹುಡುಗಿ ಓದಿ ಹೇಳುತ್ತಿದ್ದಳು. ಪ್ರೋಗ್ರಾಂ ಬಿದ್ದುಹೋಗುವಾಗ ತನ್ನಷ್ಟಕ್ಕೆ ಒಂದು ಕಡತದಲ್ಲಿ ಏನೇನೋ ಬರೆದಿಡುತ್ತದಂತೆ. ಅದನ್ನು ತೆರೆದು ಕೊನೆಯ ಸಾಲು ಹುಡುಕಿದಳು. ಹೆಸರುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಲೆಂದು ಅಣ್ಣ ಯಾರಿಂದಲೋ ಪ್ರೋಗ್ರಾಮಿನ ಒಂದು ಸಣ್ಣ ತುಣುಕು ಬರೆಸಿ ಸೇರಿಸಿದ್ದ. ಹಳೆಯ ಪ್ರೋಗ್ರಾಮಿಗೆ ಹೊಂದುತ್ತಿದ್ದ ಅದು ಹೊಸದಕ್ಕೆ ಹೊಂದದೆ, ಶುರುವಿನಲ್ಲೇ ಎಲ್ಲವನ್ನೂ ಕೆಡವುತ್ತಿತ್ತು. ಅದನ್ನು ಎತ್ತಿ ಬೇರೆ ಕಡೆ ಇಟ್ಟಳು. ಈ ಸಲ ಮರ ಬಂದು ನಿಂತಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆದರೆ ನಮ್ಮ ವಂಶದ ಹೆಸರಿನ ಮುಂದೆ ಒಂದು ಸಣ್ಣ ಬೀಗದ ಚಿತ್ರವಿತ್ತು. ಅದನ್ನು ಒತ್ತಿದಾಗ ಬಂದದ್ದನ್ನು ಹುಡುಗಿ ಮನಸ್ಸಿನಲ್ಲೇ ಓದಿಕೊಂಡಳು.

"ಏನಂತೆ?"

ಅವಳು ಮೆಲ್ಲಗೆ ಹೇಳಿದಳು. "ಇದನ್ನ ಈಗ ಬೇರೆಯೋರು ತೆಗ್ದಿಟ್ಕಂಡವ್ರಂತೆ ಅತ್ತೆ. ಅಪ್ಪನ ಎಸ್ರು ಐತೆ. ಅವ್ರು ಬಳಸ್ತಿರುವಾಗ ಬೀಗ ಒಡುದ್ರೆ ಒಳಗಿರೋದೆಲ್ಲ ಹಾಳಾಗ್ಬೋದಂತೆ. ಅವ್ರು ಬಳಸ್ತಿಲ್ಲ ಅಂತ ನಿಮ್ಗೆ ಖಾತ್ರಿ ಐತಾ ಅಂತ ಕೇಳ್ತೈತೆ."

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ನಾನು ಅವತ್ತೇ ಯೋಳ್ದೆ ಅವ್ರಿಗೆ" ಎಂದರು. "ಸತ್ತೋರ್ನೂ ಬದ್ಕಿರೋರ್ನೂ ಒಂದೇ ಕಡೆ ಬರೀಬ್ಯಾಡಿ ಅಂತ. ಮಾರ್ಲಮಿಗೆ ಎಡೆ ಇಡ್ವಾಗ್ಲೂ ಓದೋರ್ ಎಸ್ರು ಮಾತ್ರ ಯೋಳ್ತೀವಿ, ಇರೋರ್ನ ಸೇರುಸ್ತೀವಾ? ಮುಚ್ಚಮ್ಮಿ ಅದ್ನ. ಎದೆ ಕಾಯ್ಲೆ ಅಂತ ಊರ್ಗೆಲ್ಲ ಗೊತ್ತಾದ್ರೆ ಈ ಮಗೀನ ನೋಡಕ್ಕೆ ಯಾರ್ ಬತ್ತಾರೆ? ಕೆಲ್ಸಾನೂ ಓಯ್ತದೆ, ಗಂಡೂ ಓಯ್ತದೆ."

ಆ ಬೀಗ ಹೇಗೆ ಬಿತ್ತೆಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅವತ್ತು ಬೆಳಿಗ್ಗೆ ಅಣ್ಣ ಪ್ರೋಗ್ರಾಂ ತೆರೆದು ನೋಡುತ್ತಿದ್ದವನು, ಹೊತ್ತಾಯಿತೆಂದು ಅದನ್ನು ಮುಚ್ಚದೆ ಡ್ಯೂಟಿಗೆ ಹೋಗಿದ್ದಾನೆ. ಸಂಜೆ ಅವನನ್ನು ತಂದು ನಡುಮನೆಯಲ್ಲಿ ಮಲಗಿಸಿದಾಗ ಫ್ರೀಜರ್ ಪೆಟ್ಟಿಗೆಯ ವೈರು ಎಲ್ಲಿಗೂ ಎಟುಕಲಿಲ್ಲ. ಕಂಪ್ಯೂಟರಿನ ಪ್ಲಗ್ ಕಿತ್ತು ಅಲ್ಲಿ ಹಾಕಿದರು. ಕಿತ್ತವಳು ನಾನೇ. ಅವನು ಅದನ್ನು ಮುಚ್ಚಿಯೇ ಇರಲಿಲ್ಲ. ಆ ಯಂತ್ರದ ಲೆಕ್ಕದಲ್ಲಿ ಅವನು ಇನ್ನೂ ಅದರ ಮುಂದೆ ಕೂತಿದ್ದ.

ಹುಡುಗಿ ಮೌಸಿನ ಮೇಲಿಂದ ಕೈ ತೆಗೆದಳು. "ನೀವೇ ಒತ್ತಿ ಅತ್ತೆ. ನನ್ ಕೈಲಾಗಕಿಲ್ಲ."

ಖಾತ್ರಿ ಇದೆಯೇ ಎಂದು ಅದು ಇನ್ನೂ ಕೇಳುತ್ತಲೇ ಇತ್ತು. ಅವನ ಬಾಯಿಗೆ ಅಕ್ಕಿ ಹಾಕಿದವಳು ನಾನು, ಮಣ್ಣು ಹಾಕುವುದನ್ನು ನೋಡಿದವಳು ನಾನು. ಆದರೂ ಹೌದು ಎಂದು ಒತ್ತಲು ನನಗೆ ಬಹಳ ಹೊತ್ತು ಬೇಕಾಯಿತು. ಒತ್ತಿದೆ. ಹಳೆಯ ಕಡತವನ್ನು ಹೊಸ ರೂಪಕ್ಕೆ ಬದಲಿಸಬೇಕು, ಬದಲಿಸಿದ ಮೇಲೆ ಹಿಂದಕ್ಕೆ ಹೋಗಲಾಗದು, ನಕಲು ತೆಗೆದಿಟ್ಟುಕೊಳ್ಳಿ ಎಂದಿತು. ನಕಲು ತೆಗೆದೆವು. ಅದಕ್ಕೂ ಹೌದು ಎಂದೆ.

ತೆರೆದುಕೊಂಡಿತು. ಕೊನೆಯ ಸಲ ಯಾರನ್ನು ನೋಡುತ್ತಿದ್ದೆವೋ ಅವರ ಹೆಸರಿನ ಮುಂದೆಯೇ ಆ ಪ್ರೋಗ್ರಾಂ ತೆರೆದುಕೊಳ್ಳುತ್ತದೆ. ನಡುವೆ ಇದ್ದದ್ದು ಹುಡುಗಿಯ ಹೆಸರು. ಅವಳ ಮೇಲೆ ಅಣ್ಣ, ಅವನ ಮೇಲೆ ಅಪ್ಪ, ಅತ್ತೆಯರು, ಅಜ್ಜ, ಅಜ್ಜನ ತಮ್ಮ. ಅವಳನ್ನು ಬುಡದಲ್ಲಿ ನಿಲ್ಲಿಸಿಕೊಂಡು ಅವನು ಮೇಲಕ್ಕೆ ನೋಡುತ್ತಿದ್ದ.

ಹುಡುಗಿ ಪರದೆಯ ಮೇಲಿನ ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿದಳು. "ಸಾಯೋ ಹಿಂದಿನ್ ದಿನ ಸಂಜೆ ನಾನ್ ಯೋಳಿದ್ದೆ ಅಪ್ಪಂಗೆ. ಓಡ್ವಾಗ ಒಂದೊಂದ್ಸಲ ಕಣ್ಣು ಕತ್ಲೆ ಕಟ್ತದೆ ಅಂತ. 'ತಡಿ, ನೋಡಾನ' ಅಂದಿತ್ತು."

ಒಬ್ಬೊಬ್ಬರನ್ನೇ ತೆರೆದು ಓದಿದೆವು. ಅಲ್ಲಿ ನನಗೆ ಗೊತ್ತಿಲ್ಲದ ಸಾವು ಒಂದೂ ಇರಲಿಲ್ಲ. ಎಲ್ಲವೂ ಮನೆಯಲ್ಲಿ ಹೇಳಿ ಹೇಳಿ ಹಳತಾದವು. ದೊಡ್ಡತ್ತೆ ತಪ್ಪಿಸಿಕೊಂಡ ಕರುವಿನ ಹಿಂದೆ ಓಡಿ, ಬಿದ್ದು ಸತ್ತಳು. ಗಾಳಿ ಸೋಕಿತು ಎಂದಿದ್ದರು. ನುಗ್ಗೇಹಳ್ಳಿಗೆ ಕೊಟ್ಟಿದ್ದ ಅಜ್ಜನ ತಂಗಿ ಕೋಲಾಟ ಆಡುತ್ತಿದ್ದವಳು ಹಾಗೇ ಕುಸಿದಳು. ದೃಷ್ಟಿ ಎಂದಿದ್ದರು. ಅಜ್ಜನ ತಮ್ಮ ಹೊಳೆಯಲ್ಲಿ ಹೋದದ್ದಕ್ಕೆ ಅಣ್ಣ ಒಂದು ಮಾತು ಸೇರಿಸಿದ್ದ. ಅರಕಲಗೂಡಿನಲ್ಲಿರುವ ನಮ್ಮ ಸಣ್ಣತ್ತೆ ಹೇಳಿದ್ದು: ದನ ಅಟ್ಟಿಸಿಕೊಂಡು ಓಡುತ್ತ ಹೊಳೆಗೆ ಇಳಿದ, ಅಲ್ಲಿ ನೀರು ಮೊಣಕಾಲುದ್ದವಿತ್ತು.

ಮೊಣಕಾಲುದ್ದ ನೀರಿನಲ್ಲಿ ಆಳಾದ ಗಂಡಸು ಹೇಗೆ ಮುಳುಗುತ್ತಾನೆ?

ಆಗ ನನಗೆ ನಮ್ಮಪ್ಪನ ಬಾವಿ ನೆನಪಾಯಿತು. ಜಗುಲಿಯ ಕಂಬ ಹಿಡಿದು ನಿಂತು ನಾನದನ್ನು ನೋಡಿದ್ದೆ. ಅಪ್ಪನನ್ನು ಮೇಲೆತ್ತಿದ ಆಳು ಬೋರಲು ಮಲಗಿಸಿ ಬೆನ್ನು ಒತ್ತಿ, ಒತ್ತಿ, ಕೊನೆಗೆ ಎದ್ದು ನಿಂತು, "ಒಂದ್ ತೊಟ್ಟು ನೀರೂ ಕುಡ್ದಿಲ್ವಲ್ಲವ್ವಾ" ಎಂದು ಅಜ್ಜಿಯ ಮುಖ ನೋಡಿದ. ಅಜ್ಜಿ ಕೈಮುಗಿದಳು. ಗಂಗಮ್ಮ ನೋವು ಕೊಡದೆ ಕರೆದುಕೊಂಡಳು ಎಂದಳು. ನಾವೆಲ್ಲ ಅದನ್ನು ನಂಬಿದೆವು. ಅಷ್ಟು ವರ್ಷ ನೀರಿಗೆ ಬಾಗಿನ ಬಿಟ್ಟೆವು. ನಮ್ಮನ್ನು ಕೊಲ್ಲುತ್ತಿದ್ದದ್ದು ನೀರಲ್ಲ. ಕೊಲ್ಲುವಂಥದ್ದು ನಮ್ಮ ಜೊತೆಗೇ ದಡಕ್ಕೆ ಬಂದು, ಬಟ್ಟೆ ಬದಲಿಸಿಕೊಂಡು, ಊಟಕ್ಕೆ ಕೂರುತ್ತಿತ್ತು. ಗಂಡು ಹೆಣ್ಣು ಎಂದು ನೋಡುತ್ತಿರಲಿಲ್ಲ.

ಡಾಕ್ಟರಮ್ಮ ನಾವು ಅಚ್ಚು ಹಾಕಿಸಿ ತಂದ ಹಾಳೆಯ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಹೋದರು. ಹೃದಯ ಬಡಿಯುವ ಲಯದಲ್ಲೇ ಇರುವ ದೋಷ, ರಕ್ತದಲ್ಲಿ ಇಳಿದು ಬರುವಂಥದ್ದು, ಓಡಿದಾಗ, ಬೆಚ್ಚಿದಾಗ ಎದ್ದೇಳುತ್ತದೆ ಎಂದರು. ಮಾತ್ರೆ ಬರೆದುಕೊಟ್ಟರು. ಮುಂದಿನ ಪರೀಕ್ಷೆಗೆ ಮೈಸೂರಿಗೆ ಚೀಟಿ ಕೊಟ್ಟರು. ಈ ಹಾಳೆಯಲ್ಲಿ ಬದುಕಿರುವವರೆಲ್ಲ ತೋರಿಸಿಕೊಳ್ಳಬೇಕು, ಅವರಿಗೆ ಯಾರು ಹೇಳುತ್ತೀರಿ ಎಂದು ಕೇಳಿದರು. ಹುಡುಗಿ ಅವತ್ತು ಜಗಳವಾಡಲಿಲ್ಲ. ಮನೆಗೆ ಬಂದು ಓಟದ ಶೂ ಎರಡನ್ನೂ ಅಟ್ಟದ ಮೇಲೆ ಎಸೆದು, ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತಿಗೆ ಆ ರಾತ್ರಿಯಿಂದ ಅವಳ ಪಕ್ಕದಲ್ಲೇ ಮಲಗುತ್ತಾರೆ.

ಆ ಸೋಮವಾರ, ಅವಳ ಜೊತೆಯವರೆಲ್ಲ ಓಡುವ ಹೊತ್ತಿಗೆ, ನಾವಿಬ್ಬರೂ ಅಣ್ಣನ ರೂಟಿನ ಬಸ್ಸಿನಲ್ಲಿ ಅರಕಲಗೂಡಿಗೆ ಹೊರಟೆವು. ಹೊಳೆನರಸೀಪುರದ ಸೇತುವೆ ಬಂದಾಗ ಹುಡುಗಿ ಕಿಟಕಿಯಿಂದ ಕೆಳಗೆ ನೋಡಿದಳು. ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಅದರ ಮೇಲೆ ನಾವು ಹೊರಿಸಿದ್ದ ಅಪವಾದ ಅದಕ್ಕೆ ಗೊತ್ತೂ ಇರಲಿಲ್ಲ.

ಸಣ್ಣತ್ತೆ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಹೇಳದೆ ಕೇಳದೆ ಕೆಲಸದ ದಿನ ಬಂದ ನಮ್ಮನ್ನು ನೋಡಿ ಅವಳ ಮೊರ ನಿಂತುಹೋಯಿತು. ಬನ್ನಿ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ.

"ಯಾರು?" ಎಂದಳು. "ಯಾರ್ ಓದ್ರವ್ವಾ?"

"ಯಾರೂ ಇಲ್ಲತ್ತೆ" ಎಂದೆ. ಇನ್ನೂ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

ಮನೆಯ ಹಿತ್ತಲಿನಿಂದ ಟಪ್, ಟಪ್ ಎಂದು ಸದ್ದು ಬರುತ್ತಿತ್ತು. ಸಣ್ಣತ್ತೆಯ ಮೊಮ್ಮಗಳು ಹಗ್ಗ ತಿರುಗಿಸಿ ಕುಣಿಯುತ್ತಿದ್ದಳು. ಕೆಂಪು ಮುಖ, ಏದುಸಿರು, ನಿಲ್ಲಿಸುವ ಮನಸ್ಸಿಲ್ಲ. ನಾನು ಬಾಯಿ ತೆರೆಯುವ ಮೊದಲೇ ನನ್ನ ಅಣ್ಣನ ಮಗಳು ಚೀಲ ಕೆಳಗಿಟ್ಟು ಆ ಕಡೆ ನಡೆದಳು. ಓಡಲಿಲ್ಲ, ನಡೆದಳು. ಮಗು ಬೆಚ್ಚಬಾರದೆಂದು ಅವಳೆದುರು ಬಂದು, ಕಾಣಿಸುವ ಹಾಗೆ ನಿಂತು, ಮೆಲ್ಲಗೆ ಕೈ ಚಾಚಿದಳು.

"ಸಾಕು ಬಾ ಪುಟ್ಟಿ. ನನ್ ಪಕ್ದಲ್ಲಿ ಒಸಿ ಕೂತ್ಕ."

ಹಗ್ಗದ ಸದ್ದು ನಿಂತಿತು.