ಒಸಿ ಅಂದರೆ ನಾಲ್ಕು ಬೆರಳು

ಖಲೀಲಣ್ಣನ ಬಲಗೈಯ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ನುಣ್ಣಗೆ, ಬೆಳ್ಳಗೆ ಇದ್ದವು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರ ಮನೆಯಲ್ಲಿ ಹುಟ್ಟಿ, ಚಿಕ್ಕಂದಿನಿಂದಲೂ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳುಗಳು ಅವು. ಮುಂದೆ ಅವನು ವೆಲ್ಡಿಂಗ್ ಕಲಿತು, ಮಾಗಡಿ ರಸ್ತೆಯ ಪಕ್ಕ ಶೆಡ್ ಹಾಕಿಕೊಂಡು, ಕಾರುಗಳಿಗೆ ಸೈಲೆನ್ಸರ್ ಮಾಡಿಕೊಡುತ್ತಿದ್ದ.

ಅವನು ಟೇಪು ಹಿಡಿದದ್ದನ್ನು ನಾನು ಕಂಡಿಲ್ಲ. ಅವನ ಅಳತೆ ಒಂದೇ: ಒಸಿ. ಸ್ವಲ್ಪ ಅನ್ನುವುದಕ್ಕೆ ನಮ್ಮ ಕಡೆಯ ಮಾತು. ನಾಲ್ಕು ಬೆರಳು ಜೋಡಿಸಿ ಪೈಪಿನ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೀರುತ್ತಿದ್ದ. “ಬೇರೆಯೋರ್ಗೆ ಒಸಿ ಅಂದ್ರೆ ಬಾಯಿಗೆ ಬಂದಷ್ಟು. ನಂಗೆ ನಾಕು ಬೆಳ್ಳು. ನೆಪ್ಪಿರ್ಲಿ.”

ನಾನು ಬಿಡದಿಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು. ರೇಸ್ ಟ್ರ್ಯಾಕಿನಲ್ಲಿ ನಮ್ಮಂಥವರಿಗೂ ಸ್ವಂತ ಕಾರು ಓಡಿಸಲು ಬಿಡುವ ದಿನಗಳುಂಟು. ಅದರ ಹುಚ್ಚು ಹತ್ತಿ, ನನ್ನ ಹಳೆಯ ಕಾರನ್ನು ಅವನ ಬಳಿ ಒಯ್ದೆ. ಜೋರಾಗಿ ಸದ್ದು ಮಾಡುವ ಪೈಪು ಬೇಕು ಅಂದೆ.

“ಏನ್ಲಾ ಮಂಜ, ಬೊಗಳಿದ್ರೆ ಗೆಲ್ಲಂಗಿದ್ರೆ ನಮ್ಮ ಬೀದಿ ನಾಯಿಗೇ ಕಪ್ಪು ಕೊಡ್ಬೇಕಾಗಿತ್ತು. ಹೊಗೆ ಸಲೀಸಾಗಿ ಆಚ್ಕೆ ಹೋಗ್ಬೇಕು. ಇಲ್ಲಾಂದ್ರೆ ಗಾಡಿಗೂ ಉಸ್ರು ಕಟ್ತದೆ.”

ಪೈಪಿನ ಒಂದೇ ಒಂದು ಬಾಗನ್ನು ಮೂರು ಸಲ ಕತ್ತರಿಸಿ ಮೂರು ಸಲ ಬೆಸೆದ. ನನಗೆ ಅವಸರವಿತ್ತು, ಅವನಿಗಿರಲಿಲ್ಲ.

ಅವನು ಸಿಟ್ಟಾದದ್ದನ್ನು ಒಮ್ಮೆ ಮಾತ್ರ ನೋಡಿದ್ದೇನೆ. ಮಳೆಯ ಎರಚಲು ಒಳಬರುತ್ತದೆಂದು ಗಿರಾಕಿಯೊಬ್ಬ ಶಟರ್ ಎಳೆಯಲು ಹೋದ. ಖಲೀಲಣ್ಣ ಸ್ಪ್ಯಾನರ್ ಹಿಡಿದೇ ಬಂದ. “ಎಂಜಿನ್ ಓಡೋವಾಗ ಶಟರ್ ಮೇಲಿರ್ಬೇಕು. ನೆಂದ್ರೆ ನೆನೀಲಿ.”

ನನ್ನ ಪೈಪು ಸಿದ್ಧವಾದ ದಿನ. ಮರುದಿನವೇ ನಾನು ಟ್ರ್ಯಾಕಿಗೆ ಹೋಗಬೇಕಿತ್ತು. ಮಧ್ಯಾಹ್ನ ಹೊಸ ಪೈಪು ಕೂರಿಸಿದ್ದಾಯಿತು. ಜೋಡಣೆಯಲ್ಲೆಲ್ಲೋ ಸೋರುತ್ತಿತ್ತು. ಖಲೀಲಣ್ಣ ಶೆಡ್ಡಿನೊಳಗೆ ಕಾರಿನ ಕೆಳಗಿನ ಗುಂಡಿಗಿಳಿದು, ಎಂಜಿನ್ ಓಡುತ್ತಿರುವಾಗಲೇ ಬೆರಳು ಹತ್ತಿರ ಹಿಡಿದು ಹುಡುಕುತ್ತಿದ್ದ. ಪಕ್ಕದಲ್ಲೇ ಹುಳು ಸಾಕುವ ಮನೆ. ಅಲ್ಲಿಂದ ಜಯಮ್ಮ ಬಂದರು.

“ಖಲೀಲಣ್ಣ, ಹುಳ ನಾಕ್ನೇ ಜ್ವರಕ್ಕೆ ಕುಂತವೆ. ಸದ್ದು ಕಮ್ಮಿ ಮಾಡಪ್ಪ.”

ರೇಷ್ಮೆಹುಳು ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗದೆ ಕೂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಮನೆಯವರೂ ಮೆಲ್ಲಗೆ ಮಾತಾಡುತ್ತಾರೆ.

ಗುಂಡಿಯೊಳಗಿಂದ ಖಲೀಲಣ್ಣನ ದನಿ ಬಂತು. “ಮಂಜ, ಅಕ್ಕನ ಮಾತಿಗೆ ಮರ್ವಾದೆ ಕೊಡು. ಶಟರ್ ಒಸಿ ಇಳ್ಸು.”

ನಾನು ಹೊರಗೆ ನಿಂತು ಎದೆಮಟ್ಟಕ್ಕೆ ಇಳಿಸಿದೆ. ಜಯಮ್ಮ ಕದಲಲಿಲ್ಲ. ನೆಲದವರೆಗೂ ಎಳೆದೆ. ಅವರು ಹೋದರು.

ಅಷ್ಟರಲ್ಲಿ ಟ್ರ್ಯಾಕಿಗೆ ಜೊತೆಯಲ್ಲಿ ಬರಬೇಕಿದ್ದ ಗೆಳೆಯನ ಫೋನು ಬಂತು. ಹೊಂಗೆ ಮರದ ಕೆಳಗೆ ಕೂತು ಮಾತಾಡಿದೆ. ಇಪ್ಪತ್ತೆಂಟು ನಿಮಿಷ, ಫೋನಿನಲ್ಲಿ ಈಗಲೂ ಇದೆ. ಎಂಜಿನ್ನಿನ ಸದ್ದು ಅಷ್ಟು ಹೊತ್ತೂ ಒಂದೇ ಸಮನೆ ಕೇಳುತ್ತಿತ್ತು. ಸದ್ದು ಸರಿಯಾಗಿದೆ, ಒಳಗೂ ಎಲ್ಲ ಸರಿಯಾಗಿದೆ ಅಂದುಕೊಂಡೆ.

ಶಟರ್ ಎತ್ತಿದಾಗ ಒಳಗಿನ ಹೊಗೆ ಮುಖಕ್ಕೆ ಬಡಿಯಿತು. ಅವನು ಗುಂಡಿಯ ಗೋಡೆಗೆ ಒರಗಿ ಕೂತಿದ್ದ. ಮುಖ ಕೆಂಪಾಗಿತ್ತು. ನಾಲ್ಕು ಸಲ ಕೂಗಿದೆ. ಆಸ್ಪತ್ರೆಯಲ್ಲಿ ನಾಡಿ ಹಿಡಿದ ಡಾಕ್ಟರು ಹೆಚ್ಚು ಹೊತ್ತು ನೋಡಲಿಲ್ಲ.

‘ಶಟರ್ ಇಳಿಸಲು ಅವರೇ ಹೇಳಿದರು’ ಎಂದು ಪೊಲೀಸರಿಗೆ ಹೇಳಿಕೆ ಬರೆದುಕೊಟ್ಟೆ. ಅದು ಸುಳ್ಳಲ್ಲ. ಒಂದು ಪದ ಬಿಟ್ಟಿದ್ದೆ.

ಅವನು ತೀರಿಕೊಂಡ ನಲವತ್ತನೆಯ ದಿನ ಅವನ ಮನೆಗೆ ಹೋದೆ. ಅವನ ಹೆಂಡತಿ ನಸೀಮಾ ಭಾಬಿ ಚಾಪೆ ಹಾಸಿದರು. ಅವರೂ ನೂಲು ಬಿಚ್ಚಿದವರೇ.

“ಮಳೆ ಬಂದ್ರೂ ಶಟರ್ ಹಾಕಿದೋರಲ್ಲ ಅವ್ರು,” ಅಂದರು. “ಅವತ್ತು ಯಾಕೆ ಪೂರ್ತಿ ಹಾಕ್ಸ್‌ಬುಟ್ರು? ಗೊತ್ತಿದ್ದೂ ಗೊತ್ತಿದ್ದೂ ಹಿಂಗ್ ಮಾಡ್ಕೊಂಡ್ರಲ್ಲ ಅಂತ ದಿನಾ ಬೈತೀನಿ ಮಂಜಣ್ಣ. ಸತ್ತೋರ್ನ ಬೈಬಾರ್ದು, ಆದ್ರೂ ಬೈತೀನಿ.”

ಟೀ ಲೋಟ ಕೆಳಗಿಟ್ಟೆ.

“ಪೂರ್ತಿ ಅನ್ಲಿಲ್ಲ ಭಾಬಿ. ಒಸಿ ಅಂದಿದ್ರು. ಪೂರ್ತಿ ಎಳೆದೋನು ನಾನು.”

ಅವರು ಬಲಗೈ ಎತ್ತಿ, ನಾಲ್ಕು ಬೆರಳು ಜೋಡಿಸಿ ನನ್ನ ಮುಂದೆ ಹಿಡಿದರು.

“ಇಷ್ಟಾ?”

“ಇಷ್ಟೇ.”