ಏರು ದನಿ ಹೋದ ಮೇಲೆ

ಎರಡು ವರ್ಷಗಳ ಹಿಂದೆ ನನಗೆ ಥೈರಾಯ್ಡ್ ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ ನನ್ನ ಏರು ದನಿಯೂ ಹೋಯಿತು. "ಮಾತಿಗೆ ತೊಂದರೆ ಇಲ್ಲ, ಮೇಲಿನ ಸ್ವರ ಮಾತ್ರ ಕಷ್ಟ" ಎಂದು ಡಾಕ್ಟರು ಹೇಳಿದಾಗ ಹೆಂಡತಿ ದೇವರಿಗೆ ಕೈಮುಗಿದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಪಾಂಡವಪುರದಲ್ಲಿ ನನ್ನದು ಮರಗೆಲಸ. ಆದರೆ ಸುತ್ತಲಿನವರಿಗೆ ನಾನು ಪರಿಚಯವಾಗಿದ್ದು ನಮ್ಮ ಬ್ಯಾಂಡಿನ ಹಾಡುಗಾರನಾಗಿ. ಕೀಬೋರ್ಡಿಗೆ ಶಬ್ಬೀರ್, ಡ್ರಮ್ಸಿಗೆ ಲೋಕೇಶ, ಹಾಡಿಗೆ ನಾನು. ಹದಿನಾಲ್ಕು ವರ್ಷ ನಾವೇ ಕಟ್ಟಿದ ಪ್ರೇಮಗೀತೆಗಳನ್ನು ಆರತಕ್ಷತೆಗಳಲ್ಲಿ, ಕಾಲೇಜುಗಳಲ್ಲಿ ಹಾಡಿದ್ದೆವು.

ಮೂರು ತಿಂಗಳು ಕಳೆದು ಶಬ್ಬೀರನ ಮನೆಗೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಒಳಗಿನಿಂದ ಎದೆಗೆ ಗುದ್ದುವಂಥ ಹೊಸ ಸದ್ದು! ಶಬ್ಬೀರ್ ಲ್ಯಾಪ್‌ಟಾಪಿನಲ್ಲಿ ಬೀಟು ಜೋಡಿಸುತ್ತಿದ್ದ.

"ಇನ್ಮ್ಯಾಕೆ ನಮ್ದು ರ‍್ಯಾಪು, ಟೆಕ್ನೋ ಕಣ್ಲಾ. ಅಳೇ ಆಡೆಲ್ಲಾ ಬುಟ್ಬುಡವ" ಎಂದ ಪಕ್ಕದಲ್ಲೇ ಕೂತಿದ್ದ ಲೋಕೇಶ.

ಹಳೇ ಹಾಡು ಬಿಟ್ಟರೆ ಹಳೇ ಹಾಡುಗಾರನನ್ನೂ ಬಿಟ್ಟಂತೆ ಎಂದುಕೊಂಡೆ. "ಒಳ್ಳೇದಾಯ್ತು ಬುಡು" ಎಂದು ಕಾಫಿಗೂ ಕಾಯದೆ ಬಂದುಬಿಟ್ಟೆ. ಎರಡು ವಾರ ಅವರ ಫೋನು ಎತ್ತಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ನನ್ನ ಅಂಗಡಿಗೇ ಬಂದರು. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಕಾರ್ಯಕ್ರಮ ಒಪ್ಪಿಕೊಂಡಿದ್ದಾರಂತೆ. ಕೀಸುತ್ತಿದ್ದ ಹಲಗೆಯಿಂದ ತಲೆ ಎತ್ತದೆ, "ಯಾರ‍್ಲಾ ಹೊಸಾ ಹುಡ್ಗ?" ಎಂದೆ.

"ಅರೆ ಭಾಯ್, ಯಾವ ಹುಡ್ಗ?" ಎಂದ ಶಬ್ಬೀರ್. "ರ‍್ಯಾಪಲ್ಲಿ ದನಿ ಏರಿಸ್ಬೇಕಾ? ತಾಳಕ್ಕೆ ಮಾತಾಡಿದ್ರೆ ಸಾಕು. ನೀನು ಮಲಗಿದ್ದಾಗ ನಾವಿಬ್ರೂ ಕೂತು ಕಲ್ತಿದ್ದು ಇನ್ಯಾರಿಗೋಸ್ಕರ?"

ನನ್ನ ಕೈ ನಿಂತಿತು. "ಮೊದ್ಲೇ ಯೋಳಕ್ಕೇನಾಗಿತ್ತು?"

"ಯೋಳಿದ್ರೆ ನೀನು ಒಪ್ತಿದ್ದಾ? ನನ್ಗೋಸ್ಕರ ಯಾಕ್ ಬದಲಾಯ್ತೀರಿ ಅಂತ ಜಗಳ ಆಡ್ತಿದ್ದೆ" ಎಂದ ಲೋಕೇಶ.

ಒಂದು ತಿಂಗಳು ಅಭ್ಯಾಸ ಮಾಡಿದೆವು. ನನ್ನ ಮರಗೆಲಸದ ಬಗ್ಗೆಯೇ ಸಾಲು ಬರೆದೆವು, ನಮ್ಮೂರಿನ ಮಾತಿನಲ್ಲೇ. ಆದರೂ ಕಾರ್ಯಕ್ರಮದ ದಿನ ವೇದಿಕೆ ಹತ್ತಿದಾಗ, "ಉಳಿ ಇಡ್ಯೋ ಕೈಗೆ ಮೈಕು ಯಾಕ್ಲಾ ಅಂದ್ಳು ನಮ್ಮವ್ವ" ಎಂಬ ಮೊದಲ ಸಾಲಿಗೇ ದನಿ ಒಡೆಯಿತು. ನಿಲ್ಲಿಸಿದೆ. ಯಾರೋ ಸಿಳ್ಳೆ ಹೊಡೆದರು. ಲೋಕೇಶ ಮಾತ್ರ ತಾಳ ಬಿಡಲಿಲ್ಲ. ನನ್ನನ್ನೇ ನೋಡುತ್ತಾ ಬಾರಿಸುತ್ತಲೇ ಇದ್ದ. ಅಂಗಡಿಯಲ್ಲಿ ಮಾತಾಡುವ ಹಾಗೇ ಮತ್ತೆ ಶುರು ಮಾಡಿದೆ. ಮೂರನೇ ಸಾಲಿಗೆ ಕಾಲೇಜಿನ ಹುಡುಗರು ಎದ್ದು ಕುಣಿಯತೊಡಗಿದರು.

ಕೆಳಗಿಳಿದ ಮೇಲೆ ಶಬ್ಬೀರ್ ನೀರಿನ ಬಾಟಲಿ ಕೊಟ್ಟು, "ಗಂಟಲು ನೋಯ್ತಿದ್ಯಾ?" ಎಂದ. ನೋಯುತ್ತಿರಲಿಲ್ಲ. ಅದನ್ನು ಹೇಳಲು ಹೋದರೆ ಅಳು ಬಂತು.

ಹಳೆಯ ಹಾಡುಗಳು ಇನ್ನು ನನ್ನಿಂದಾಗವು ಎಂಬ ಸಂಕಟ ಪೂರ್ತಿ ಹೋಗಿಲ್ಲ. ಆದರೆ ನನಗಾಗಿ ತಮ್ಮ ಹದಿನಾಲ್ಕು ವರ್ಷದ ಸಂಗೀತವನ್ನೇ ಬದಲಿಸಿಕೊಂಡವರ ಮೇಲೆ ಎರಡು ವಾರ ಮುನಿಸಿಕೊಂಡಿದ್ದೆನಲ್ಲ! ನೆನೆದರೆ ನಾಚಿಕೆಯಾಗುತ್ತದೆ. ಅದರ ಹಿಂದೆಯೇ ಹೊರೆ ಇಳಿಸಿದಷ್ಟು ಹಗುರವೂ ಆಗುತ್ತದೆ.