ಒಂದು ದಿನದ ದಂಡ

ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬುದು ಮನುಷ್ಯಕುಲ ಕಂಡುಕೊಂಡ ಮಹಾಸತ್ಯಗಳಲ್ಲಿ ಒಂದು. ನನಗೆ ಅದು ಐದು ರೂಪಾಯಿಗೆ ಸಿಕ್ಕಿತು.

ಹೇಳಿಬಿಡುತ್ತೇನೆ—ನಾನು ನ್ಯಾಯಾಲಯದಲ್ಲಿ ನಿಂತು ಎರಡು ಸುಳ್ಳು ಹೇಳಿದವನು. ಮೊದಲನೆಯದು ನನ್ನ ಆದಾಯದ ಬಗ್ಗೆ. ಅದು ಜಿಪುಣತನದ ಸುಳ್ಳು, ಅಂಥದ್ದನ್ನು ಹೇಳದವರು ಅಪರೂಪ. ಎರಡನೆಯದು ಜಟಕಾ ಮರಿಯಣ್ಣನ ಆದಾಯದ ಬಗ್ಗೆ. ಆ ಎರಡನೆಯದಕ್ಕಾಗಿ ಅವನು ಬದುಕಿರುವವರೆಗೂ ನನಗೆ ಕೈಮುಗಿದ. ನಾನು ಕೈಮುಗಿಸಿಕೊಂಡೆ.

ಇಷ್ಟು ವರ್ಷದ ಮೇಲೆ ಇದು ಬಾಯಿಗೆ ಬರಲು ಕಾರಣ ಒಂದು ಕಾಫಿ ಅಂಗಡಿ. ರಾಮನಗರದಲ್ಲಿ ನಾವು ಕೆಲವು ಮುದುಕರು ವಾಕಿಂಗ್ ಎಂಬ ಹೆಸರಿನಲ್ಲಿ ಬೆಳಿಗ್ಗೆ ಮನೆ ಬಿಟ್ಟು, ಎದುರಾದ ಮೊದಲ ಕಾಫಿ ಅಂಗಡಿಯಲ್ಲಿ ಆ ವ್ಯಾಯಾಮವನ್ನು ಮುಗಿಸುತ್ತೇವೆ. ಹೋದ ವಾರ ಅಲ್ಲೊಂದು ಚರ್ಚೆ ಎದ್ದಿತು. ನಮ್ಮಲ್ಲೊಬ್ಬರ ಅಳಿಯನಿಗೆ ಮೈಸೂರು ರಸ್ತೆಯ ಕ್ಯಾಮೆರಾ ವೇಗಕ್ಕಾಗಿ ದಂಡ ಹಾಕಿತ್ತು. ಆತ ನಕ್ಕುಕೊಂಡು ಫೋನಿನಲ್ಲೇ ಕಟ್ಟಿಬಿಟ್ಟನಂತೆ. ನಿವೃತ್ತ ಬ್ಯಾಂಕ್ ಮ್ಯಾನೇಜರರಿಗೆ ಆ ನಗುವೇ ಸೇರಲಿಲ್ಲ.

"ಅವ್ನಿಗೆ ಅದು ಒಂದು ಹೋಟ್ಲು ಊಟದ ದುಡ್ಡು ಕಣ್ರೀ. ಹಾರೋಹಳ್ಳಿ ಫ್ಯಾಕ್ಟ್ರಿಗೆ ಬೈಕಲ್ಲಿ ಹೋಗೋ ಹುಡುಗನಿಗೂ ಅಷ್ಟೇ ದಂಡ. ಅವನ ಮನೇಲಿ ಆ ವಾರ ಸಾಮಾನು ಬರಲ್ಲ. ಇದು ಒಂದೇ ದಂಡ ಹೆಂಗಾಯ್ತು? ಆದಾಯ ನೋಡಿ ಹಾಕ್ಬೇಕು."

ಎಲ್ಲರೂ ನನ್ನ ಕಡೆ ತಿರುಗಿದರು. ಈ ವಿಷಯದಲ್ಲಿ ನನ್ನದೊಂದು ಪ್ರಸಿದ್ಧ ವಾಕ್ಯವಿದೆ. ಎಷ್ಟೋ ವರ್ಷಗಳಿಂದ, ಯಾರು ಕೇಳಿದರೂ ಅದನ್ನೇ ಹೇಳುತ್ತ ಬಂದಿದ್ದೇನೆ. ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದೆ: "ಆಗದ ಮಾತು. ಆದಾಯ ಕೇಳಿದರೆ ಜನ ಸುಳ್ಳು ಹೇಳುತ್ತಾರೆ."

"ಅನುಭವಸ್ಥರು," ಎಂದರು ಪಕ್ಕದವರು.

ಅನುಭವ ಹೌದು. ಯಾರ ಅನುಭವ ಎಂದು ಮಾತ್ರ ಯಾರೂ ಕೇಳಲಿಲ್ಲ.

ಎಪ್ಪತ್ತರ ದಶಕ ಆಗತಾನೇ ಶುರುವಾಗಿತ್ತು. ರೇಷ್ಮೆಗೂಡಿನಿಂದ ನೂಲು ತೆಗೆಯುವ ನಮ್ಮ ಫಿಲೇಚರು ಊರಿನ ದೊಡ್ಡವುಗಳಲ್ಲಿ ಒಂದು. ನನ್ನ ಬಳಿ ಕಾರಿತ್ತು. ಅದು ಹೊರಟಿತೆಂದರೆ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಗೌರವದಿಂದ ಎಂದು ನಾನು ತಿಳಿದಿದ್ದೆ. ಮರಿಯಣ್ಣ ಜಟಕಾ ಹೊಡೆಯುವವನು. ಮಾರುಕಟ್ಟೆಯಿಂದ ನಮ್ಮ ಫಿಲೇಚರಿಗೆ ಗೂಡಿನ ಮೂಟೆ ತರುವುದು ಅವನ ಖಾಯಂ ಕೆಲಸ. ಅವನ ಸಂಪಾದನೆಯ ಮುಕ್ಕಾಲು ಪಾಲು ನನ್ನ ಕೈಯಿಂದಲೇ ಹೋಗುತ್ತಿದ್ದುದರಿಂದ ಅದು ಎಷ್ಟು ಎಂದು ಅವನಷ್ಟೇ ಚೆನ್ನಾಗಿ ನನಗೂ ಗೊತ್ತಿತ್ತು. ದಿನಕ್ಕೆ ಐದು, ಕುದುರೆಯ ಮೇವು ಅದರಲ್ಲೇ.

ಆಗ ಹೆದ್ದಾರಿಯ ಅರ್ಕಾವತಿ ಸೇತುವೆ ಮೊದಲೇ ಇಕ್ಕಟ್ಟು. ಆ ಪ್ರಕರಣದ ದಿನ ಒಂದು ಪಕ್ಕ ರಿಪೇರಿ ನಡೆದು, ಉಳಿದದ್ದು ಒಂದು ಗಾಡಿಯ ಅಗಲ. ಎರಡು ತುದಿಯಲ್ಲೂ ಪೊಲೀಸಿನವರು ಕೆಂಪು ಬಾವುಟ ಹಿಡಿದು ನಿಂತಿದ್ದರು. ಮಾರುಕಟ್ಟೆಯಲ್ಲಿ ಗೂಡಿನ ಹರಾಜಿನ ಗಂಟೆ ಹೊಡೆಯುವ ಹೊತ್ತು. ಬಾವುಟ ಇರುವುದು ಸಾಮಾನ್ಯರಿಗೆ ಎಂಬ ನಂಬಿಕೆಯಿಂದ ನಾನು ಕಾರು ನುಗ್ಗಿಸಿದೆ. ಆ ತುದಿಯಿಂದ ಮರಿಯಣ್ಣನೂ ನುಗ್ಗಿಸಿದ. ಅವನ ಕಾರಣ ನನಗೆ ಆಮೇಲೆ ತಿಳಿಯಿತು: ಜಟಕಾದಲ್ಲಿ ಅವನ ಮಗಳನ್ನು ನೋಡಲು ಬಂದ ಮಾಗಡಿಯವರು ಕೂತಿದ್ದರು. ಗಂಡು ಬಸ್ ಕಂಡಕ್ಟರು. ಅವನ ತಂದೆ ಹೊನ್ನಯ್ಯ ದಾರಿಯುದ್ದಕ್ಕೂ ಬಸ್ಸಿನ ವೇಗದ ಮಹಿಮೆಯನ್ನು ವರ್ಣಿಸಿಕೊಂಡು ಬಂದಿದ್ದ. ಅಂಥ ಬೀಗರ ಮುಂದೆ ಬಾವುಟ ನೋಡಿ ಕುದುರೆ ನಿಲ್ಲಿಸುವುದುಂಟೇ—

ಸೇತುವೆಯ ನಟ್ಟನಡುವೆ ಕುದುರೆಯೂ ನನ್ನ ಕಾರೂ ಮುಖಾಮುಖಿ ನಿಂತವು. ನನಗೆ ಹಿಂದೆ ಸರಿಯಲು ಗೇರಿತ್ತು. ಆದರೆ ನನ್ನ ಧೈರ್ಯವನ್ನೇ ನಂಬಿ ಗೂಡಿನ ಗಾಡಿಗಳು ಹಿಂದೆಯೇ ಬಂದು ನಿಂತಿದ್ದವು. ಕುದುರೆಗೆ ಗೇರೂ ಇರಲಿಲ್ಲ, ಇಷ್ಟವೂ ಇರಲಿಲ್ಲ. ಅದು ಬಾನೆಟ್ಟನ್ನು ಮೂಸಿ ನೋಡಿ ಮುಖ ತಿರುಗಿಸಿತು.

"ಲೇ, ಕುದ್ರೆಗೆ ಒಸಿ ಬುದ್ಧಿ ಐತೆ ಕಣ್ಲಾ! ಕಾರ್‌ಗೆ ಅದೂ ಇಲ್ಲ!" ಎಂದು ಹಿಂದಿನ ಗಾಡಿಯಿಂದ ಯಾರೋ ಕೂಗಿದರು.

"ಬಸ್ಸಾಗಿದ್ರೆ ಇಷ್ಟೊತ್ಗೆ ಊಟಕ್ ಕೂತಿರ್ತಿದ್ವಿ," ಎಂದ ಜಟಕಾದೊಳಗಿಂದ ಹೊನ್ನಯ್ಯ.

ಗಂಟೆಗಟ್ಟಲೆ ಹೆದ್ದಾರಿ ನಿಂತಿತು. ಬಿಸಿಲಿಗೆ ಗೂಡು ಬಾಡುತ್ತದೆಂದು ಗಾಡಿಯವರೆಲ್ಲ ನಮ್ಮಿಬ್ಬರ ವಂಶವನ್ನು ಸ್ಮರಿಸಿದರು. ಕೊನೆಗೆ ಬಂದ ಸಬ್ ಇನ್ಸ್‌ಪೆಕ್ಟರು ಎಷ್ಟು ಕುದ್ದಿದ್ದರೆಂದರೆ ಕಾರು, ಜಟಕಾ, ಬೀಗರು—ಎಲ್ಲವನ್ನೂ ನೇರವಾಗಿ ಕೋರ್ಟಿಗೆ ನಡೆಸಿದರು.

ಆ ಮ್ಯಾಜಿಸ್ಟ್ರೇಟರ ವಿಷಯ ಊರಿಗೆಲ್ಲ ಗೊತ್ತಿತ್ತು. ಬಡಕಲು ಮನುಷ್ಯ, ಕೊರಳಿಗಿಂತ ಕಾಲರು ದೊಡ್ಡದು, ದವಡೆಯಲ್ಲಿ ಸದಾ ಒಂದು ಲವಂಗ. ಗಾಡಿ ತಪ್ಪು ಮಾಡಿ ಬಂದವರನ್ನು ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು—ದಿನಕ್ಕೆ ಎಷ್ಟು ದುಡಿಯುತ್ತೀಯ? ಎಷ್ಟು ಹೇಳಿದರೆ ಅಷ್ಟು ದಂಡ. ವಕೀಲರೊಬ್ಬರು ಆಕ್ಷೇಪಿಸಿದಾಗ, "ಕಾಯ್ದೆಯಲ್ಲಿ ಇಷ್ಟರವರೆಗೆ ಅಂತ ಗೆರೆ ಇದೆ. ಗೆರೆಯ ಒಳಗೆ ಎಲ್ಲಿ ನಿಲ್ಲಬೇಕು ಅನ್ನೋದು ನನ್ನ ಕೆಲಸ," ಎಂದಿದ್ದರಂತೆ. ನನ್ನನ್ನೂ ಮರಿಯಣ್ಣನನ್ನೂ ಅಕ್ಕಪಕ್ಕ ನಿಲ್ಲಿಸಿ ಅವರು ಮೆಲ್ಲಗೆ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ.

"ತಪ್ಪು ಒಂದೇ. ದಂಡವೂ ಒಂದೇ. ಇಬ್ಬರಿಗೂ ಒಂದೊಂದು ದಿನ."

ಇಂದು ಆ ಮಾತನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಆ ಮನುಷ್ಯ ಎಲ್ಲೂ ಕಲಿಯದೆ, ಯಾರನ್ನೂ ಕೇಳದೆ, ಎಂಥ ಅಳತೆಗೋಲು ಹುಡುಕಿಕೊಂಡಿದ್ದರು! ರೂಪಾಯಿ ಒಬ್ಬನ ಜೇಬಿನಲ್ಲಿ ಹುಲ್ಲು, ಇನ್ನೊಬ್ಬನ ಜೇಬಿನಲ್ಲಿ ಬಂಡೆ. ದಿನ ಮಾತ್ರ ಎಲ್ಲರಿಗೂ ದಿನವೇ. ಅದನ್ನು ಯಾರಿಗೂ ಎರಡೆರಡು ಕೊಟ್ಟಿಲ್ಲ. ಅಂದು ಅದು ನನಗೆ ಹೊಳೆಯಲಿಲ್ಲ. ಅಂದು ನಾನು ಬೇರೊಂದು ಗಣಿತದಲ್ಲಿ ತೊಡಗಿದ್ದೆ.

ಫಿಲೇಚರು ನನ್ನ ತಾಯಿಯ ಹೆಸರಿನಲ್ಲಿತ್ತು. ಕಾರು ಸೋದರಮಾವನ ಹೆಸರಿನಲ್ಲಿ. ಕನಕಪುರದ ಕಡೆಯ ಜಮೀನು ಹೆಂಡತಿಯ ಹೆಸರಿನಲ್ಲಿ. ದಾಖಲೆಗಳ ಪ್ರಕಾರ ಈ ಭೂಮಂಡಲದಲ್ಲಿ ನನ್ನದೆಂಬುದು ಕಾಲಿನ ಬೂಟು ಮಾತ್ರ.

"ತಾಯಿಯವರ ಫಿಲೇಚರಿನಲ್ಲಿ ಲೆಕ್ಕಪತ್ರ ನೋಡ್ಕೋತೀನಿ ಸ್ವಾಮಿ," ಎಂದೆ. "ದಿನಕ್ಕೆ ಐದು ರೂಪಾಯಿ ಬೀಳುತ್ತೆ."

ಐದೇ ಏಕೆ ಹೇಳಿದೆ? ಪಕ್ಕದಲ್ಲಿ ಮರಿಯಣ್ಣ ನಿಂತಿದ್ದ. ಬಡವನ ಆದಾಯ ಎಂದಾಗ ನನಗೆ ಗೊತ್ತಿದ್ದ ಅಂಕಿ ಅದೊಂದೇ. ಅವನ ದಿನವನ್ನೇ ಕದ್ದು ನನ್ನದೆಂದು ಹೇಳಿದೆ. ಮ್ಯಾಜಿಸ್ಟ್ರೇಟರು ನನ್ನ ಬೂಟಿನ ಕಡೆ ನೋಡಿದರು. ಲವಂಗವನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದರು. ಬರೆದುಕೊಂಡರು.

"ನಿನಗೆಷ್ಟಪ್ಪ?"

ಮರಿಯಣ್ಣ ಒಮ್ಮೆ ಹಿಂದಿನ ಬೆಂಚಿನ ಕಡೆ ನೋಡಿದ. ಅಲ್ಲಿ ಹೊನ್ನಯ್ಯ ಕತ್ತು ಮುಂದೆ ಚಾಚಿ ಕೂತಿದ್ದ.

"ಹದಿನೈದು, ಬುದ್ದಿ."

ಕೋರ್ಟಿನಲ್ಲಿ ಅಲ್ಲಿಯವರೆಗೆ ಆದಾಯವನ್ನು ಏರಿಸಿ ಹೇಳಿದವರು ಇರಲಿಲ್ಲ. ಗುಮಾಸ್ತ ತಲೆಯೆತ್ತಿ ನೋಡಿದ.

"ಜಟಕಾದಲ್ಲಿ ಹದಿನೈದೇ? ಯೋಚನೆ ಮಾಡಿ ಹೇಳಪ್ಪ. ಹೇಳಿದಷ್ಟೂ ಕಟ್ಟಬೇಕಾಗುತ್ತೆ."

"ಯೋಚ್ನೆ ಮಾಡಾಕೇನೈತೆ ಬುದ್ದಿ? ಹದಿನೈದು. ಸಂತೆ ದಿನ ಇನ್ನೂ ಒಸಿ ಮ್ಯಾಲೇ."

"ಗಾಡೀಲೂ ಅಷ್ಟೇ ಅಂದಿದ್ದ," ಎಂದು ಹೊನ್ನಯ್ಯ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಮ್ಯಾಜಿಸ್ಟ್ರೇಟರು ನನ್ನತ್ತ ತಿರುಗಿದರು. "ನೀವು ಇದೇ ಊರಿನವರು. ಈತ ನಿಮಗೆ ಗೊತ್ತೇ?"

"ಗೊತ್ತು ಸ್ವಾಮಿ."

"ಈತ ಹೇಳೋದು ನಿಜವೇ?"

ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಏನು ನಡೆಯಿತು ಎಂಬುದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅಲ್ಲ ಎಂದರೆ, ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಅವನಿಗೆ ದಿನಗೂಲಿ ಕೊಡುವವನು ನಾನೇ ಎನ್ನಬೇಕು. ಐದು ರೂಪಾಯಿಯ ಮನುಷ್ಯ ಅದರಲ್ಲೇ ಮುಕ್ಕಾಲು ಕೊಟ್ಟು ಜಟಕಾ ಇಟ್ಟುಕೊಳ್ಳುವುದು ಹೇಗೆ—ಅಲ್ಲಿಂದ ಮುಂದೆ ಬೂಟು, ಕಾರು, ತಾಯಿ, ಸೋದರಮಾವ—

"ನಿಜ ಸ್ವಾಮಿ," ಎಂದೆ.

ಮರಿಯಣ್ಣನ ಮಾನ ನನ್ನ ಮನಸ್ಸಿನ ಹತ್ತಿರವೂ ಸುಳಿದಿರಲಿಲ್ಲ. ಅವನಿಗೆ ಮದುವೆಗೆ ಬಂದ ಮಗಳಿದ್ದಾಳೆಂಬುದೇ ನನಗೆ ಗೊತ್ತಿರಲಿಲ್ಲ.

ನಾನು ಗೋಡೆಯ ಕಡೆ ತಿರುಗಿ ನಿಂತು, ಪರ್ಸಿನೊಳಗಿನ ನೂರರ ನೋಟುಗಳು ಯಾರಿಗೂ ಕಾಣದಂತೆ ಐದು ರೂಪಾಯಿ ತೆಗೆದೆ. ಮರಿಯಣ್ಣ ಎಲ್ಲರಿಗೂ ಕಾಣುವಂತೆ ಸೊಂಟದ ಚೀಲ ಬಿಚ್ಚಿದ. ಅದು ಆ ಸಂಜೆ ಬೀಗರಿಗೆ ತಾಂಬೂಲದ ಜೊತೆ ಕೊಡಲು ಸೀರೆ ಪಂಚೆಗೆಂದು ಕೂಡಿಟ್ಟದ್ದು. "ತಕೊಳ್ಳಿ ಬುದ್ದಿ, ಚಿಲ್ರೆ ಏನೂ ಬ್ಯಾಡ," ಎಂದು ಮೇಜಿನ ಮೇಲಿಟ್ಟ. ಒಬ್ಬ ಪಾಳೆಯಗಾರ ಕಪ್ಪ ಒಪ್ಪಿಸಿದ ಹಾಗಿತ್ತು. ನನ್ನ ಇಡೀ ಜೀವಮಾನದಲ್ಲಿ ದುಡ್ಡನ್ನು ಅಷ್ಟು ದೊಡ್ಡದಾಗಿ ಕೈಬಿಟ್ಟವನನ್ನು ನಾನು ನೋಡಿಲ್ಲ.

ಹೊರಗೆ ಜಗುಲಿಯ ಮೇಲೆ ಹೊನ್ನಯ್ಯ ಆಗಲೇ ತೀರ್ಮಾನಿಸಿದ್ದ. "ಇನ್ನೇನ್ ಬೇಕಯ್ಯ? ಕೋರ್ಟ್ನಲ್ಲೇ ರುಜುವಾತಾಯ್ತಲ್ಲ!"

ಮರುದಿನ ಬೆಳಿಗ್ಗೆ ಮರಿಯಣ್ಣ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. "ನೀವು ಒಂದು ಮಾತು ಇಲ್ಲ ಅಂದಿದ್ರೆ ನನ್ ಮಗಳ ಮದ್ವೆ ಅಲ್ಲೇ ಮುರ್ದೋಗದು ಸಾಮಿ. ನನ್ ಮಾನ ಕಾಯ್ದ್ರಿ," ಎಂದು ಕೈಮುಗಿದ. ಆಗ ನಾನು ಒಂದು ಮಾತು ಹೇಳಬಹುದಿತ್ತು. ನಾನು ಹೇಳಿದ್ದು—"ಇರಲಿ ಬಿಡು."

ಇರಲಿ ಬಿಡು! ಎಂಥ ಉದಾರತೆ.

ಕೋರ್ಟಿನಲ್ಲಿ ರುಜುವಾತಾದ ಹದಿನೈದು ರೂಪಾಯಿ ಅವನನ್ನು ಅಷ್ಟಕ್ಕೇ ಬಿಡಲಿಲ್ಲ. ಹದಿನೈದರ ಯಜಮಾನನಿಗೆ ತಕ್ಕಂತೆ ಮದುವೆಯಾಗಬೇಕು ಎಂದರು ಬೀಗರು. ಅವನ ಬಳಿ ಎರಡು ಕುದುರೆಗಳಿದ್ದವು, ಒಂದು ದುಡಿದರೆ ಒಂದಕ್ಕೆ ವಿಶ್ರಾಂತಿ. ಒಂದನ್ನು ಮಾರಿ ಮದುವೆ ಮಾಡಿದ. ಅಲ್ಲಿಂದ ಮುಂದೆ ಉಳಿದ ಕುದುರೆಗೆ ಭಾರವಾಗಬಾರದೆಂದು, ದಿಬ್ಬ ಬಂದಾಗಲೆಲ್ಲ ತಾನು ಇಳಿದು ಅದರ ಪಕ್ಕದಲ್ಲಿ ನಡೆಯುತ್ತಿದ್ದ. ನಾನು ಕಾರಿನಲ್ಲಿ ದಾಟಿ ಹೋಗುವಾಗ ನಕ್ಕು ಕೈಯೆತ್ತುತ್ತಿದ್ದ. ಅವನ ಬಾಡಿಗೆ ಹೆಚ್ಚಿಸಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಏಕೆ ಹೆಚ್ಚಿಸಿದಿರಿ ಎಂದು ಅವನು ಕೇಳಿದರೆ—ಎಂದು ಹೆದರಿ ಹೆಚ್ಚಿಸಲಿಲ್ಲ. ಅವರೆಕಾಯಿಯ ಕಾಲ ಬಂದಾಗ ಮಾತ್ರ ಒಂದು ಚೀಲ ಸೊಗಡಿನ ಅವರೆ ತಪ್ಪದೆ ನಮ್ಮ ಮನೆಗೆ ಬರುತ್ತಿತ್ತು. ನಾವು ಹಿತಕಿ ಸಾರು ಮಾಡಿಕೊಂಡು ತಿನ್ನುತ್ತಿದ್ದೆವು. ಚೆನ್ನಾಗಿಯೇ ಇರುತ್ತಿತ್ತು, ಅದನ್ನೂ ಒಪ್ಪಿಕೊಳ್ಳಬೇಕು.

ಆ ಮ್ಯಾಜಿಸ್ಟ್ರೇಟರಿಗೆ ವರ್ಗವಾಯಿತು. ಮುಂದೆ ಬಂದವರು ಎಲ್ಲರಿಗೂ ಒಂದೇ ಮೊತ್ತ ಹಾಕಿದರು. ಊರು ಅದನ್ನು ಸರಳ ಎಂದು ಮೆಚ್ಚಿತು. ನನ್ನ ಪ್ರಸಿದ್ಧ ವಾಕ್ಯ ಹುಟ್ಟಿದ್ದು ಆಗಲೇ.

ಜಟಕಾಗಳು ಹೋಗಿ ಆಟೋಗಳು ಬಂದ ಮೇಲೆ ಮರಿಯಣ್ಣ ಮಾಗಡಿಯಲ್ಲಿ ಮಗಳ ಮನೆ ಸೇರಿದ. ಕಾಯಿಲೆ ಎಂದು ಕೇಳಿ ನೋಡಲು ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಮಂಚದ ಪಕ್ಕದಲ್ಲಿ ಕೂತು, "ಮರಿಯಣ್ಣ, ಅವತ್ತು ಕೋರ್ಟಿನಲ್ಲಿ—" ಎಂದೆ.

ಅವನ ಕಣ್ಣಲ್ಲಿ ನಗು ಬಂತು. "ಅಯ್ಯೋ ಬುಡಿ ಸಾಮಿ. ನೀವು ಒಸಿ ಕಮ್ಮಿ ಹೇಳುದ್ರಿ, ನಾನು ಒಸಿ ಜಾಸ್ತಿ ಹೇಳ್ದೆ. ಸರ್ಕಾರುಕ್ಕೇನು ಲುಕ್ಸಾನಾಗ್ಲಿಲ್ಲ."

ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ನನ್ನ ಐದು ಯಾರದ್ದೆಂದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಯಾರ ಮುಂದೆಯೂ ಆಡಲಿಲ್ಲ, ಗೊತ್ತಿದ್ದೂ ಅವರೆಕಾಯಿ ತಂದ. ಆ ಮಂಚದ ಪಕ್ಕದಲ್ಲಿ ನಾನು ಎಷ್ಟು ಚಿಕ್ಕವನಾಗಿ ಕೂತಿದ್ದೆ ಎಂದರೆ—ಅವನಿಗೆ ತಿಳಿಯದೆ ಉಳಿದದ್ದು ಒಂದೇ: ನಾನು "ನಿಜ ಸ್ವಾಮಿ" ಎಂದದ್ದು ಯಾರನ್ನು ಕಾಯಲು ಎಂಬುದು. ಅದನ್ನು ಹೇಳಲೆಂದೇ ಹೋಗಿದ್ದೆ. ಅಷ್ಟರಲ್ಲಿ ಅವನ ಮಗಳು ಕಾಫಿ ತಂದಳು. ಕುಡಿದು, ಬಸ್ಸು ಹಿಡಿದು ಬಂದುಬಿಟ್ಟೆ. ಆ ತಿಂಗಳೇ ಅವನು ಹೋದ.

ನಾಳೆ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ನನ್ನ ಪ್ರಸಿದ್ಧ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ. ಆದಾಯ ಕೇಳಿದರೆ ಜನ ಸುಳ್ಳು ಹೇಳುತ್ತಾರೆ, ನಿಜ. ಹೇಳಿದವನು ಯಾರು ಎಂಬುದನ್ನೂ ಸೇರಿಸಿ ಹೇಳುತ್ತೇನೆ. ಬ್ಯಾಂಕ್ ಮ್ಯಾನೇಜರರ ಮಾತು ಸರಿ ಎನ್ನುತ್ತೇನೆ. ಆಮೇಲೆ ಮಾಗಡಿಯ ಬಸ್ಸು ಹತ್ತಿ ಅವನ ಮಗಳಿಗೂ ಹೇಳುತ್ತೇನೆ. ಈ ಸಲ ಕಾಫಿ ಬರುವ ಮೊದಲೇ.

ಅರ್ಕಾವತಿ ಸೇತುವೆಯ ಪ್ರಕರಣದಲ್ಲಿ ಸರ್ಕಾರಕ್ಕೆ ಸಂದ ದಂಡ ಒಟ್ಟು ಇಪ್ಪತ್ತು ರೂಪಾಯಿ. ಅದರಲ್ಲಿ ಹದಿನೈದು ಜಟಕಾದವನದು.